ಮೂಗು ಸೋರುವ ಆಮೆ ಮನೆಯಲ್ಲಿದ್ದರೆ

ನಾಯಿ ಒಂದು ಹೊತ್ತಿನ ಊಟ ಬಿಟ್ಟರೆ ಮನೆಮಂದಿಯೆಲ್ಲ ಗಾಬರಿಯಾಗುತ್ತೀರಿ. ಬೆಕ್ಕು ಎರಡು ಸಲ ಸೀನಿದರೆ ಡಾಕ್ಟರಿಗೆ ಫೋನು ಹೋಗುತ್ತದೆ. ಆಮೆ ಮಾತ್ರ ವಾರಗಟ್ಟಲೆ ಮೂಲೆ ಹಿಡಿದು ಕೂತರೂ "ಮಲಗಿದೆ ಬಿಡಿ, ಚಳಿಗಾಲ ಅಲ್ವಾ" ಎಂದು ಸುಮ್ಮನಾಗುತ್ತೀರಿ. ದಯವಿಟ್ಟು ಈ ಮಾತನ್ನು ಇವತ್ತಿಗೇ ಬಿಡಿ. ಚಳಿಗಾಲವೆಲ್ಲ ಮಣ್ಣಿನಡಿ ಮಲಗಿ ಕಳೆಯುವುದು ದಕ್ಷಿಣ ಯುರೋಪಿನ ಹರ್ಮನ್ ಆಮೆ, ಮಧ್ಯ ಏಷ್ಯಾದ ರಷ್ಯನ್ ಆಮೆಯಂಥ ಜಾತಿಗಳು. ನಮ್ಮ ಊರುಗಳಲ್ಲಿ ಈಗೀಗ ಜನ ಕೊಂಡು ತರುವ ಸಲ್ಕಾಟಾ ಆಮೆ ಸಹಾರಾದ ದಕ್ಷಿಣ ಅಂಚಿನ ಬಿಸಿನೆಲದ್ದು. ಆ ನಿದ್ದೆ ಅದಕ್ಕೆ ಗೊತ್ತೇ ಇಲ್ಲ. ಡಿಸೆಂಬರ್ ರಾತ್ರಿ ಬೆಂಗಳೂರಿನಲ್ಲಿ ಉಷ್ಣಾಂಶ 15–16 ಡಿಗ್ರಿಗೆ ಇಳಿದಾಗ ಟೈಲ್ಸ್ ನೆಲದ ಮೇಲೆ ಅಲ್ಲಾಡದೆ ಬಿದ್ದಿರುವ ಆಮೆ ನಿದ್ದೆ ಮಾಡುತ್ತಿಲ್ಲ, ಸೆಟೆದುಕೊಂಡಿದೆ. ಜುಲೈ ತಿಂಗಳ ಜಡಿಮಳೆಯಲ್ಲಿ ವಾರವಿಡೀ ಬಿಸಿಲು ಕಾಣದಿದ್ದಾಗಲೂ ಅಷ್ಟೇ.

ಚಿಕಿತ್ಸೆಯ ಮಾತಿಗೆ ಮೊದಲು ಇನ್ನೊಂದು ವಿಷಯ ಮುಗಿಸಿಬಿಡೋಣ, ಕೊನೆಯಲ್ಲಿಟ್ಟರೆ ನೀವು ಓದುವುದಿಲ್ಲ. ನಿಮ್ಮ ಮನೆಯಲ್ಲಿರುವುದು ಬೆನ್ನ ಮೇಲೆ ಹಳದಿ ಗೆರೆಯ ನಕ್ಷತ್ರಗಳಿರುವ ನಮ್ಮ ನಾಡಿನದೇ ನಕ್ಷತ್ರ ಆಮೆಯೇ? ಹಾಗಿದ್ದರೆ ಅದನ್ನು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. 2022ರ ತಿದ್ದುಪಡಿಯ ನಂತರ ಅದು ಮೊದಲನೇ ಅನುಸೂಚಿಯಲ್ಲಿ, ಹುಲಿ ಆನೆಗಳ ಸಾಲಿನಲ್ಲಿದೆ. "ವಾಸಿ ಮಾಡಿ ಆಮೇಲೆ ಕೊಡ್ತೀವಿ" ಎಂದು ಮುಚ್ಚಿಟ್ಟುಕೊಳ್ಳಬೇಡಿ. ಬೆಚ್ಚಗೆ ಇಟ್ಟು, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ ಒಪ್ಪಿಸಿ. ಕೋಲಾರದ ಕಡೆಯ ಕುರುಚಲು ಬಯಲಿನಿಂದ ಈ ಆಮೆಗಳನ್ನು ಸೂಟ್‌ಕೇಸಿನಲ್ಲಿ ತುಂಬಿ ಹೊರದೇಶಕ್ಕೆ ಸಾಗಿಸುವವರಿದ್ದಾರೆ. ಸಿಂಗಾಪುರದಲ್ಲಿ ಸಿಕ್ಕಿದ 51 ನಕ್ಷತ್ರ ಆಮೆಗಳನ್ನು 2018ರಲ್ಲಿ ವಿಮಾನದಲ್ಲಿ ಕರ್ನಾಟಕಕ್ಕೆ ವಾಪಸು ತರಬೇಕಾಯಿತು. ಸಲ್ಕಾಟಾದಂಥ ಹೊರದೇಶದ ಆಮೆಯಾದರೂ ಸರ್ಕಾರದ 2024ರ ನಿಯಮದಂತೆ ಪರಿವೇಷ್ ಪೋರ್ಟಲ್‌ನಲ್ಲಿ ನೋಂದಾಯಿಸಿರಬೇಕು. ಕಾಗದಪತ್ರ ಇಲ್ಲವೆಂಬ ಅಂಜಿಕೆಯಿಂದ ಡಾಕ್ಟರ ಹತ್ತಿರ ಹೋಗದೆ ಕೂತವರ ಆಮೆಗಳು ಸಾಯುತ್ತವೆ. ಆ ಅಂಜಿಕೆಗೆ ಮದ್ದು ಕಾಗದ ಸರಿಮಾಡಿಸಿಕೊಳ್ಳುವುದು, ಆಮೆಯನ್ನು ಬಚ್ಚಿಡುವುದಲ್ಲ.

ವಾಸ್ತುವಿಗೆಂದು ಆಮೆ ತಂದವರಿಗೆ ಒಂದು ಮಾತು ಜಾಸ್ತಿಯೇ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಉತ್ತರ ದಿಕ್ಕಿನಲ್ಲಿಟ್ಟರೆ ದುಡ್ಡು ಬರುತ್ತದೆ ಎಂದು ಯಾರೋ ಹೇಳಿದರು, ನೀವು ತಂದು ಟಿವಿ ಕೆಳಗೆ ಪ್ಲಾಸ್ಟಿಕ್ ಟಬ್ಬಿನಲ್ಲಿ ಇಟ್ಟಿರಿ. ಬಿಸಿಲಿಲ್ಲ, ಗಾಳಿಯಿಲ್ಲ, ದಿನಾ ಒಂದು ಸೌತೆಕಾಯಿ ಹೋಳು. ಕೂರ್ಮಾವತಾರಕ್ಕೆ ಕೈಮುಗಿಯುವವರು ಮನೆಯ ಕೂರ್ಮವನ್ನು ಹೀಗೆ ಇಡಬಹುದೇ? ದಿಕ್ಕು ಯಾವುದಾದರೂ ಇರಲಿ, ಬೆಳಕು ಮತ್ತು ಬಿಸಿ ಇರುವ ಕಡೆ ಇಡಿ.

ಇನ್ನು ಲಕ್ಷಣಗಳಿಗೆ ಬರೋಣ. ಆಮೆ ಕೂಗುವುದಿಲ್ಲ, ನರಳುವುದಿಲ್ಲ. ಕಾಡಿನಲ್ಲಿ ನಿತ್ರಾಣ ತೋರಿಸಿಕೊಂಡ ಪ್ರಾಣಿ ಬೇರೆಯದರ ಬಾಯಿಗೆ ಬೀಳುತ್ತದೆ. ಅದಕ್ಕೇ ಕಾಯಿಲೆಯನ್ನು ಬಚ್ಚಿಡುವುದು ಅದರ ಹುಟ್ಟುಗುಣ. ನಿಮ್ಮ ಕಣ್ಣಿಗೆ ಕಾಣುವ ಹೊತ್ತಿಗೆ ಅದು ಹುಷಾರು ತಪ್ಪಿ ಬಹಳ ದಿನವಾಗಿರುತ್ತದೆ. ಮೂಗಿನ ಹೊಳ್ಳೆಯಲ್ಲಿ ನೀರು ಜಿನುಗುವುದು, ಉಸಿರು ಬಿಟ್ಟಾಗ ಗುಳ್ಳೆ ಏಳುವುದು, ರೆಪ್ಪೆ ಊದಿ ಕಣ್ಣು ಅಂಟಿಕೊಳ್ಳುವುದು, ಉಸಿರಾಟದಲ್ಲಿ ಸಿಳ್ಳೆಯಂಥ ಅಥವಾ ಗೊರಗೊರ ಸದ್ದು, ಇವುಗಳಲ್ಲಿ ಯಾವುದು ಕಂಡರೂ ಒಂದೆರಡು ದಿನದೊಳಗೆ ಡಾಕ್ಟರ ಬಳಿ ಹೋಗಿ. ಕತ್ತು ಚಾಚಿ ಬಾಯಿ ತೆರೆದು ಉಸಿರೆಳೆಯುತ್ತಿದ್ದರೆ ಅವತ್ತೇ ಹೊರಡಿ, ನಾಳೆ ಎನ್ನಬೇಡಿ. ಮನುಷ್ಯರಿಗಿರುವಂಥ ವಪೆ ಆಮೆಗಿಲ್ಲ. ಎದೆಯಲ್ಲಿ ಕಟ್ಟಿದ ಕಫವನ್ನು ನಮ್ಮಂತೆ ಕೆಮ್ಮಿ ಹೊರಹಾಕಲು ಅದಕ್ಕೆ ಬರುವುದಿಲ್ಲ. ಶ್ವಾಸಕೋಶ ಇರುವುದು ಮೇಲ್ಚಿಪ್ಪಿನ ಅಡಿಯಲ್ಲೇ. ಅಲ್ಲಿ ಕೂತ ಕಫ ಅಲ್ಲೇ ಗಟ್ಟಿಯಾಗುತ್ತದೆ. ನಮ್ಮ ನೆಗಡಿ ವಾರದಲ್ಲಿ ತಾನೇ ಹೋಗುತ್ತದೆ, ಆಮೆಯದು ನ್ಯುಮೋನಿಯಾ ಆಗಿ ಕೂರುತ್ತದೆ.

ಅನೇಕರು ಆಮೆ ಎಂದು ಹೇಳುವುದು ಕೆಂಪು ಕಿವಿಪಟ್ಟಿಯ ನೀರಾಮೆಯನ್ನು, ಅಮೆರಿಕದಿಂದ ಬಂದ ಸ್ಲೈಡರನ್ನು. ಅದು ನೀರಿನಲ್ಲಿ ಒಂದು ಬದಿಗೆ ವಾಲಿಕೊಂಡು ತೇಲುತ್ತಿದ್ದರೆ ಆಟವೆಂದು ವಿಡಿಯೋ ಮಾಡಬೇಡಿ, ಅದು ಒಂದು ಕಡೆಯ ಶ್ವಾಸಕೋಶ ಕೆಟ್ಟಿರುವ ಗುರುತಾಗಿರಬಹುದು. ಅಂಥದ್ದನ್ನು ಆಳದ ನೀರಿನಲ್ಲಿ ಬಿಡಬೇಡಿ, ನಿತ್ರಾಣದಲ್ಲಿ ನೀರಾಮೆಯೂ ಮುಳುಗಿ ಸಾಯುತ್ತದೆ. ಒಣಸೀಗಡಿ ಒಂದನ್ನೇ ತಿಂದು ಬೆಳೆದ ಸ್ಲೈಡರಿಗೆ ವಿಟಮಿನ್ ಎ ಕೊರತೆಯಿಂದ ಕಣ್ಣು ಊದುತ್ತದೆ. ಹಾಗೆಂದು ಆ ವಿಟಮಿನ್ನನ್ನು ಅಂದಾಜಿನಲ್ಲಿ ಚುಚ್ಚಿಸಿದರೆ ಚರ್ಮವೇ ಸುಲಿದು ಬರುತ್ತದೆ. ಅತಿಯಾದರೆ ಅಮೃತವೂ ವಿಷ ಎಂದದ್ದು ಸುಮ್ಮನಲ್ಲ. ಕಿವಿಯ ಜಾಗದಲ್ಲಿ ಗೋಲಿಯಂತೆ ಉಬ್ಬಿದ್ದರೆ ಅದು ಕೀವು. ಆಮೆಯ ಕೀವು ನಮ್ಮದರಂತೆ ನೀರಾಗಿರುವುದಿಲ್ಲ, ಗಟ್ಟಿ ಮುದ್ದೆಯಾಗಿರುತ್ತದೆ. ಅದರೊಳಗೆ ಔಷಧಿ ಇಳಿಯುವುದಿಲ್ಲವಾದ್ದರಿಂದ ಡಾಕ್ಟರು ಕೊಯ್ದೇ ತೆಗೆಯಬೇಕು. "ಬರೀ ಮಾತ್ರೆ ಬರೆದುಕೊಡಿ ಸಾಕು" ಎಂದು ಅಲ್ಲಿ ಹಟ ಹಿಡಿಯಬೇಡಿ.

ಡಾಕ್ಟರು ಯಾರು ಎಂಬುದನ್ನು ಆಮೆ ಚೆನ್ನಾಗಿದ್ದಾಗಲೇ ಹುಡುಕಿಟ್ಟುಕೊಳ್ಳಿ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವ ಅಭ್ಯಾಸ ನಮ್ಮಲ್ಲಿ ಬಹಳ. ನಾಯಿ ಬೆಕ್ಕು ನೋಡುವ ಎಲ್ಲರಿಗೂ ಸರೀಸೃಪಗಳು ಗೊತ್ತಿರುವುದಿಲ್ಲ, ಅದರಲ್ಲಿ ಅವರ ತಪ್ಪೂ ಇಲ್ಲ. "ನೀವು ಆಮೆ ನೋಡುತ್ತೀರಾ?" ಎಂದು ಮೊದಲೇ ಕೇಳಿ. ಬೆಂಗಳೂರಿನವರು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಬಹುದು. ದೂರದ ಊರಿನವರು ತಮ್ಮ ಪಶುವೈದ್ಯರಿಗೇ ಹೇಳಿ, ಅವರು ತಿಳಿದವರ ಜೊತೆ ಫೋನಿನಲ್ಲಿ ಮಾತಾಡಿ ನೋಡಲಿ. ಹೋಗುವಾಗ ಆಮೆಯನ್ನು ಸ್ಕೂಟರಿನ ಮುಂದೆ ಚೀಲದಲ್ಲಿ ನೇತುಹಾಕಿಕೊಂಡು ಗಾಳಿಗೆ ಒಡ್ಡಬೇಡಿ. ಗಾಳಿತೂತು ಇರುವ ರಟ್ಟಿನ ಡಬ್ಬಿ, ಒಳಗೆ ಟವೆಲು, ಪಕ್ಕದಲ್ಲಿ ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿ. ಕಾರಾದರೆ ಎಸಿ ಬೇಡ. ಹೊಸ ಹಿಕ್ಕೆ ಸಿಕ್ಕಿದರೆ ಶುದ್ಧ ಡಬ್ಬಿಯಲ್ಲಿ ಒಯ್ಯಿರಿ, ಹುಳುವಿನ ಪರೀಕ್ಷೆಗೆ ಬೇಕಾಗುತ್ತದೆ. ಎಕ್ಸ್‌ರೇ ತೆಗೆಸಿ ಎಂದರೆ ದುಡ್ಡು ಮಾಡಲು ಹೇಳುತ್ತಾರೆಂದು ಗೊಣಗಬೇಡಿ. ಚಿಪ್ಪಿನ ಪ್ರಾಣಿಯ ಎದೆಗೆ ಸ್ಟೆತಸ್ಕೋಪು ಇಟ್ಟು ತಿಳಿಯುವುದು ಕಮ್ಮಿ. ನೆಗಡಿಯೆಂದು ನೀವು ತಂದ ಹೆಣ್ಣಾಮೆಯ ಹೊಟ್ಟೆಯಲ್ಲಿ ಮೊಟ್ಟೆ ಸಿಕ್ಕಿಕೊಂಡಿರುವುದೂ, ಮೂತ್ರಕೋಶದಲ್ಲಿ ಕಲ್ಲು ಕಟ್ಟಿರುವುದೂ ಎಕ್ಸ್‌ರೇಯಲ್ಲೇ ಗೊತ್ತಾಗುವುದು.

ಈಗ ಆಂಟಿಬಯಾಟಿಕ್. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಆಮೆಯ ಮೂಗು ಸೋರುವುದಕ್ಕೆ ಮುಖ್ಯ ಕಾರಣಗಳಲ್ಲೊಂದು ಮೈಕೋಪ್ಲಾಸ್ಮಾ ಎಂಬ ಸೂಕ್ಷ್ಮಾಣು. ಅಮೆರಿಕದ ಮೊಹಾವಿ ಮರುಭೂಮಿಯ ಆಮೆಗಳನ್ನು ಬಹಳ ಕಾಡಿದ ರೋಗವಿದು. ಈ ಸೂಕ್ಷ್ಮಾಣುವಿಗೆ ಹೊರಗೋಡೆಯೇ ಇಲ್ಲ. ಪೆನ್ಸಿಲಿನ್ ಜಾತಿಯ ಔಷಧಗಳು, ಸೆಫ್ಟಾಜಿಡಿಮ್‌ನಂಥವೂ ಸೇರಿ, ಕೆಲಸ ಮಾಡುವುದು ಸೂಕ್ಷ್ಮಾಣುವಿನ ಗೋಡೆ ಒಡೆದು. ಗೋಡೆಯೇ ಇಲ್ಲದ ಕಡೆ ಅವು ಏನು ಮಾಡಿಯಾವು? ಆದರೆ ಅದೇ ಆಮೆಯ ಎದೆಗೆ ಬೇರೆ ಸೂಕ್ಷ್ಮಾಣುಗಳು ಹೊಕ್ಕಿದ್ದರೆ ಸೆಫ್ಟಾಜಿಡಿಮ್ ಒಳ್ಳೆಯ ಮದ್ದು. ಕೆಲವೊಮ್ಮೆ ಕಾರಣ ವೈರಸ್ಸು, ಅದಕ್ಕೆ ಆಂಟಿಬಯಾಟಿಕ್ ಯಾವುದೂ ತಾಗುವುದಿಲ್ಲ. ಆದ್ದರಿಂದಲೇ "ನಮ್ಮ ಭಾವನ ಮನೆ ಆಮೆಗೆ ಇದೇ ಕೊಟ್ಟಿದ್ದರು" ಎಂದು ಮಿಕ್ಕಿದ ಸೀಸೆ ತಂದು ಚುಚ್ಚಬೇಡಿ. ಮನುಷ್ಯರ ಮಾತ್ರೆ ಪುಡಿಮಾಡಿ ಸೊಪ್ಪಿನ ಮೇಲೆ ಉದುರಿಸಬೇಡಿ. ಹುಷಾರಿಲ್ಲದ ಆಮೆ ತಿನ್ನುವುದೇ ಇಲ್ಲ, ತಿಂದರೂ ಎಷ್ಟು ಒಳಗೆ ಹೋಯಿತೆಂದು ತಿಳಿಯುವುದಿಲ್ಲ.

ಇನ್ನೊಂದು ಔಷಧದ ಹೆಸರನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಿ: ಐವರ್ಮೆಕ್ಟಿನ್. ದನಕರುಗಳಿಗೆ, ನಾಯಿಗೆ ಹುಳು ಉಣ್ಣೆಗೆಂದು ಕೊಡುವ ಸಾಮಾನ್ಯ ಮದ್ದು ಅದು, ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಆಮೆಗೆ ಅದು ಮೆದುಳಿಗೆ ಏರಿ ಪಾರ್ಶ್ವವಾಯು ತರುತ್ತದೆ, ಪ್ರಾಣ ಹೋಗುತ್ತದೆ. ಯಾರು ಎಷ್ಟೇ ವಿಶ್ವಾಸದಿಂದ ಕೊಡಬಂದರೂ "ಇದು ಆಮೆಗೆ ಆಗುವುದಿಲ್ಲ" ಎಂದು ಹೇಳುವ ಧೈರ್ಯ ನಿಮಗಿರಲಿ.

ಆಮೆಯ ಮೈಯಲ್ಲಿ ಎಲ್ಲವೂ ನಿಧಾನ, ಔಷಧವೂ ನಿಧಾನವಾಗಿಯೇ ಕರಗುತ್ತದೆ. ಸೆಫ್ಟಾಜಿಡಿಮ್ಮನ್ನು ಸಾಮಾನ್ಯವಾಗಿ ಮೂರು ದಿನಕ್ಕೊಮ್ಮೆ ಕೊಡುತ್ತಾರೆ. ಹತ್ತು ಚುಚ್ಚುಮದ್ದು ಬರೆದರೆಂದರೆ ಹತ್ತಿರ ಹತ್ತಿರ ಒಂದು ತಿಂಗಳು. "ದಿನಾ ಕೊಟ್ಟರೆ ಬೇಗ ಮುಗಿಯುತ್ತಲ್ಲ" ಎಂದು ಕೇಳುವವರಿದ್ದಾರೆ. ಆತುರಗಾರನಿಗೆ ಬುದ್ಧಿ ಮಟ್ಟ. ಇನ್ನು ಕೆಲವರು ಮೂರನೇ ಸೂಜಿಗೆ ಮೂಗು ಒಣಗಿತೆಂದು ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂಬ ಗಾದೆಯಿದೆ. ನೀವೋ ನಡುಹೊಳೆಯಲ್ಲೇ ಅಂಬಿಗನನ್ನು ಇಳಿಸಿ ಕಳಿಸುತ್ತೀರಿ! ಅರ್ಧಕ್ಕೆ ಬಿಟ್ಟ ಔಷಧಕ್ಕೆ ಉಳಿದುಕೊಂಡ ಸೂಕ್ಷ್ಮಾಣು ಮುಂದಿನ ಸಲ ಜಗ್ಗುವುದಿಲ್ಲ.

ಚುಚ್ಚುಮದ್ದನ್ನು ಮನೆಯಲ್ಲೇ ಕೊಡಿ ಎಂದು ಡಾಕ್ಟರು ಹೇಳಿದರೆ ಹೆದರಬೇಡಿ, ಆದರೆ ಅವರ ಮುಂದೆಯೇ ಒಂದು ಸಲ ನೀವು ಕೊಟ್ಟು ತೋರಿಸಿ ಕಲಿತು ಬನ್ನಿ. ಅವರು ಮುಂಗಾಲಿಗೇ ಕೊಡಿ ಎನ್ನುತ್ತಾರೆ. ಹಿಂಭಾಗದಿಂದ ಬರುವ ರಕ್ತದ ಒಂದು ಪಾಲು ಮೊದಲು ಮೂತ್ರಪಿಂಡಕ್ಕೆ ಹೋಗುವುದರಿಂದ ವೈದ್ಯರು ಹಿಂಗಾಲನ್ನು ಬಿಡುತ್ತಾರೆ. ಇವತ್ತು ಎಡಗಾಲಾದರೆ ಮುಂದಿನ ಸಲ ಬಲಗಾಲು. ಎನ್ರೋಫ್ಲಾಕ್ಸಸಿನ್ ಬರೆದಿದ್ದರೆ ಅದು ಬಹಳ ಉರಿಯುವ ಔಷಧ, ಚುಚ್ಚಿದ ಕಡೆ ಮಾಂಸ ಕೊಳೆಯುವುದೂ ಉಂಟು. ನೀರು ಬೆರೆಸಬೇಕೇ, ಎಷ್ಟು ಬೆರೆಸಬೇಕು ಎಂದು ಕೇಳಿಕೊಂಡೇ ಬನ್ನಿ. ಕಾಲನ್ನು ಜಗ್ಗಿ ಎಳೆಯಬೇಡಿ. ಒಬ್ಬರು ಹಿಡಿದುಕೊಳ್ಳಿ, ಇನ್ನೊಬ್ಬರು ಕಾಯಿರಿ, ಅದು ತಾನಾಗಿ ಕಾಲು ಚಾಚಿದಾಗ ಮೃದುವಾಗಿ ಹಿಡಿಯಿರಿ. ಎಷ್ಟು ಮಿಲಿ ಎಂಬುದು ಆಮೆಯ ತೂಕದ ಮೇಲೆ ಹೋಗುತ್ತದೆ. ಡಾಕ್ಟರು ಹೇಳಿದ ಗೆರೆಯ ಮೇಲೆ ಒಂದು ಹನಿಯೂ ಬೇಡ. ಕಲಸಿದ ಸೆಫ್ಟಾಜಿಡಿಮ್ ಹೊರಗಿಟ್ಟರೆ ಬೇಗ ಶಕ್ತಿ ಕಳೆದುಕೊಳ್ಳುತ್ತದೆ. ಅದಕ್ಕೇ ಅನೇಕ ಡಾಕ್ಟರು ಒಂದೊಂದು ಡೋಸನ್ನು ಬೇರೆ ಬೇರೆ ಸಿರಿಂಜಿಗೆ ತುಂಬಿ ಫ್ರೀಜರಿನಲ್ಲಿಡಲು ಕೊಡುತ್ತಾರೆ. ಬೇಕಾದಾಗ ಒಂದನ್ನು ತೆಗೆದು ಅಂಗೈಯಲ್ಲಿ ಹಿಡಿದು ಕರಗಿಸಿ, ಒಲೆಯ ಹತ್ತಿರ ಇಡಬೇಡಿ, ಕರಗಿದ್ದನ್ನು ಮತ್ತೆ ಗಟ್ಟಿ ಮಾಡಬೇಡಿ. ಕರೆಂಟು ಹೋಗಿ ಎಲ್ಲ ಕರಗಿದ್ದರೆ ಡಾಕ್ಟರಿಗೆ ನಿಜ ಹೇಳಿ ಹೊಸದು ತನ್ನಿ. ಸಿರಿಂಜಿನ ಮೇಲೆ ಹೆಸರು ಬರೆದು ಡಬ್ಬಿಯಲ್ಲಿ ಮುಚ್ಚಿಡಿ, ಮಕ್ಕಳ ಐಸ್‌ಕ್ರೀಮಿನ ಪಕ್ಕ ಸಡಿಲವಾಗಿ ಬಿದ್ದಿರಬಾರದು. ಬಳಸಿದ ಸೂಜಿಗಳನ್ನು ಗಟ್ಟಿ ಡಬ್ಬಿಗೆ ಹಾಕಿ ಕ್ಲಿನಿಕ್ಕಿಗೇ ವಾಪಸು ಕೊಡಿ. ಕಸದ ಬುಟ್ಟಿಗೆ ಎಸೆದ ಸೂಜಿ ಬೆಳಿಗ್ಗೆ ಪೌರಕಾರ್ಮಿಕರ ಕೈಗೆ ಚುಚ್ಚುತ್ತದೆ.

ಇಷ್ಟೆಲ್ಲ ಮಾಡಿ ಆಮೆಯನ್ನು ಮತ್ತೆ ಅದೇ ತಣ್ಣನೆ ಟೈಲ್ಸಿನ ಮೇಲೆ ಬಿಟ್ಟಿರೋ, ಆ ದುಬಾರಿ ಔಷಧ ನೀರಿನಲ್ಲಿ ಹೋಮ ಮಾಡಿದಂತೆ. ಆಮೆಗೆ ಸ್ವಂತ ಮೈಬಿಸಿ ಇಲ್ಲ, ಹೊರಗಿನ ಬಿಸಿಯೇ ಅದರ ಬಿಸಿ. ಮೈ ತಣ್ಣಗಿದ್ದರೆ ರಕ್ತ ನಿಧಾನ, ರೋಗದ ಜೊತೆ ಹೋರಾಡುವ ಕಣಗಳು ನಿಧಾನ, ಔಷಧ ತಲುಪಬೇಕಾದ ಕಡೆ ತಲುಪುವುದೂ ನಿಧಾನ. ಔಷಧದ ಪ್ರಮಾಣವನ್ನೂ ಅಂತರವನ್ನೂ ಲೆಕ್ಕ ಹಾಕಿರುವುದು ಬೆಚ್ಚಗಿರುವ ಆಮೆಗೆ. ನಮಗೆ ಸೋಂಕಾದರೆ ಮೈಯೇ ಜ್ವರ ಎಬ್ಬಿಸುತ್ತದೆ. ಸರೀಸೃಪ ಎದ್ದು ಬಿಸಿಲಿನ ಕಡೆ ನಡೆದು ಜ್ವರ ತಂದುಕೊಳ್ಳಬೇಕು. ನಡೆಯಲು ಜಾಗವನ್ನೂ ಬಿಸಿಲನ್ನೂ ಕೊಡದೆ ನೀವು ಟಬ್ಬಿನಲ್ಲಿ ಕೂರಿಸಿದರೆ ಅದು ಎಲ್ಲಿಗೆ ಹೋದೀತು?

ಸಲ್ಕಾಟಾದಂಥ ಬಿಸಿನಾಡಿನ ಆಮೆ ಕಾಯಿಲೆ ಬಿದ್ದಾಗ ಹಗಲು 28ರಿಂದ 32 ಡಿಗ್ರಿ, ಬಲ್ಬಿನ ನೇರ ಕೆಳಗೆ 35ರ ಸುಮಾರು, ರಾತ್ರಿ 26ಕ್ಕಿಂತ ಕೆಳಗಿಳಿಯದ ಹಾಗೆ ನೋಡಿಕೊಳ್ಳಿ. ಬೇರೆ ಜಾತಿಯದಾದರೆ ಡಾಕ್ಟರನ್ನು ಕೇಳಿ ಬದಲಿಸಿಕೊಳ್ಳಿ. ದೊಡ್ಡ ಮರದ ಪೆಟ್ಟಿಗೆಯಾದರೆ ಸಾಕು. ಒಂದು ತುದಿಯಲ್ಲಿ ಬೆಳಕಿಲ್ಲದೆ ಬಿಸಿ ಕೊಡುವ ಸೆರಾಮಿಕ್ ಬಲ್ಬು, ಇನ್ನೊಂದು ತುದಿ ಸ್ವಲ್ಪ ತಂಪು, ಎರಡೂ ಕಡೆ ಒಂದೊಂದು ಥರ್ಮಾಮೀಟರು, ನಡುವೆ ಥರ್ಮೋಸ್ಟಾಟ್. ಕೈಯಿಟ್ಟು ನೋಡಿ "ಬೆಚ್ಚಗಿದೆ" ಎನ್ನುವುದು ಲೆಕ್ಕಕ್ಕಿಲ್ಲ. ಬಿಸಿ ಮೇಲಿನಿಂದ ಬರಲಿ. ಹೊಟ್ಟೆಯಡಿ ಬಿಸಿಪ್ಯಾಡು ಇಟ್ಟರೆ ಆಮೆ ಸುಡುತ್ತಿದ್ದರೂ ಏಳದೆ ಕೂತಿರುತ್ತದೆ. ಬಲ್ಬನ್ನು ಸರಪಳಿಯಲ್ಲಿ ಭದ್ರವಾಗಿ ತೂಗುಹಾಕಿ, ಒಣಹುಲ್ಲಿನ ಮೇಲೆ ಬಿದ್ದರೆ ಮನೆಗೇ ಬೆಂಕಿ. ಕರೆಂಟು ಹೋಗುವ ಊರಾದರೆ ಬಿಸಿನೀರಿನ ಚೀಲ, ಹಳೆ ಕಂಬಳಿ ಸಿದ್ಧವಿರಲಿ. ಕಿಟಕಿ ಗಾಜಿನ ಹಿಂದಿನ ಬಿಸಿಲು ಬಿಸಿಲಲ್ಲ, ಮೂಳೆಗೆ ಬೇಕಾದ ಯುವಿ-ಬಿ ಕಿರಣವನ್ನು ಗಾಜು ತಡೆಯುತ್ತದೆ. ಬೆಳಗಿನ ನೇರ ಬಿಸಿಲು ಒಳ್ಳೆಯದು, ಆದರೆ ಅರ್ಧ ಜಾಗ ನೆರಳಿರಬೇಕು, ಕಣ್ಣಳತೆಯಲ್ಲಿರಬೇಕು. ಪ್ಲಾಸ್ಟಿಕ್ ಟಬ್ಬಿನಲ್ಲಿ ಹಾಕಿ ತಾರಸಿಯ ಮೇಲಿಟ್ಟು ಸ್ನಾನಕ್ಕೆ ಹೋದರೆ ನೀವು ಬರುವಷ್ಟರಲ್ಲಿ ಅದು ಬೆಂದಿರುತ್ತದೆ.

ಬಿಸಿಯ ಜೊತೆಗೆ ನೀರು. ಹುಷಾರಿಲ್ಲದ ಆಮೆಗಳಲ್ಲಿ ಹೆಚ್ಚಿನವು ಒಣಗಿಹೋಗಿರುತ್ತವೆ. ಹೊಂಡಬಿದ್ದ ಕಣ್ಣು, ಸುಕ್ಕುಗಟ್ಟಿದ ಕತ್ತು, ಮೂತ್ರದ ಜೊತೆ ಬರುವ ಬಿಳಿ ಗಸಿ ಕೆನೆಯಂತಿರದೆ ಮರಳಿನಂತೆ ಗರಗರ ಎನ್ನುವುದು ಇದರ ಗುರುತು. ಕೆಲವು ಆಂಟಿಬಯಾಟಿಕ್‌ಗಳು, ಅಮಿಕಾಸಿನ್‌ನಂಥವು, ಮೂತ್ರಪಿಂಡಕ್ಕೆ ಭಾರ. ಮೈಯಲ್ಲಿ ನೀರಿಲ್ಲದಾಗ ಅವನ್ನು ಕೊಟ್ಟರೆ ರೋಗ ಹೋಗಿ ಕಿಡ್ನಿಯೂ ಹೋಗುತ್ತದೆ. ದಿನಕ್ಕೊಮ್ಮೆ ಅಗಲವಾದ ಬೇಸಿನ್ನಿನಲ್ಲಿ ಉಗುರುಬೆಚ್ಚಗಿನ ನೀರು ಹಾಕಿ ಹದಿನೈದು ಇಪ್ಪತ್ತು ನಿಮಿಷ ಕೂರಿಸಿ. ನೀರು ಗಲ್ಲದವರೆಗೆ, ಅದಕ್ಕಿಂತ ಮೇಲೆ ಬೇಡ. ತಲೆ ಎತ್ತಲಾರದ ಆಮೆಗೆ ಇನ್ನೂ ಕಮ್ಮಿ. ಪಕ್ಕದಲ್ಲೇ ಕೂತಿರಿ, ಫೋನು ಬಂತೆಂದು ಎದ್ದು ಹೋಗಬೇಡಿ. ನೀರು ಆರಿದರೆ ಬದಲಿಸಿ, ಹಿಕ್ಕೆ ಹಾಕಿದರೂ ಬದಲಿಸಿ. ಆಮೇಲೆ ಚೆನ್ನಾಗಿ ಒರೆಸಿ ಬೆಚ್ಚನೆ ಪೆಟ್ಟಿಗೆಗೆ ಬಿಡಿ. ಸಿರಿಂಜಿನಲ್ಲಿ ಬಾಯಿಗೆ ನೀರು ಹೊಯ್ಯಲು ಹೋಗಬೇಡಿ. ಆಮೆಯ ಉಸಿರುನಾಳದ ಬಾಯಿ ನಾಲಗೆಯ ಹಿಂದೆಯೇ ಇದೆ, ನೀರು ನೇರ ಎದೆಗೆ ಇಳಿಯುತ್ತದೆ. ನೆನೆಸುವುದಷ್ಟೇ ಸಾಲದೆ ಹೋದರೆ ಡಾಕ್ಟರು ಚರ್ಮದಡಿ ದ್ರವ ಕೊಡುತ್ತಾರೆ.

ಊಟದ ವಿಷಯಕ್ಕೆ ನೀವು ಮೊದಲು ಬರುತ್ತೀರಿ, ನಾನು ಬೇಕೆಂದೇ ತಡವಾಗಿ ಬಂದಿದ್ದೇನೆ. ಆಮೆ ವಾರಗಟ್ಟಲೆ ಉಪವಾಸ ತಡೆಯುತ್ತದೆ, ಚಳಿಯನ್ನೂ ನೀರಡಿಕೆಯನ್ನೂ ತಡೆಯದು. ಬಿಸಿಯಾಗದ, ನೀರು ತುಂಬಿಕೊಳ್ಳದ ಹೊಟ್ಟೆಗೆ ತುರುಕಿದ್ದು ಜೀರ್ಣವಾಗದೆ ಕೊಳೆಯುತ್ತದೆ. ಮೊದಲ ದಿನಗಳು ಬಿಸಿ ಮತ್ತು ನೀರಿಗೆ, ಆಮೇಲೆ ತುತ್ತು. "ಏನೂ ತಿಂತಿಲ್ಲ" ಎಂದು ಹಾಲನ್ನ, ಮೊಸರನ್ನ, ಬ್ರೆಡ್ಡು, ನಾಯಿ ಬಿಸ್ಕತ್ತು ಹಿಡಿಯುವ ಕೈಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಪ್ರೀತಿ ಸರಿ, ಪದಾರ್ಥ ಸರಿಯಲ್ಲ. ಊಟ ಬಲ್ಲವನಿಗೆ ರೋಗವಿಲ್ಲ ಎನ್ನುತ್ತಾರಲ್ಲ, ಇಲ್ಲಿ ಬಲ್ಲವರಾಗಬೇಕಾದವರು ನೀವು. ಗರಿಕೆ ಹುಲ್ಲು, ದಾಸವಾಳದ ಎಲೆ ಮತ್ತು ಹೂ, ಹಿಪ್ಪುನೇರಳೆ ಎಲೆ, ಸ್ವಲ್ಪ ನುಗ್ಗೆಸೊಪ್ಪು, ಮುಳ್ಳು ಸವರಿದ ಪಾಪಾಸುಕಳ್ಳಿ, ಇವು ಹೊಂದುತ್ತವೆ. ಹಿಪ್ಪುನೇರಳೆಯನ್ನು ಮದ್ದು ಹೊಡೆದ ತೋಟದಿಂದ ತರಬೇಡಿ. ಪಾಲಕ್ ದಿನಾ ಬೇಡ, ಅದರಲ್ಲಿರುವ ಆಕ್ಸಲೇಟು ಸುಣ್ಣವನ್ನು ಕಟ್ಟಿಹಾಕುತ್ತದೆ. ಸುಣ್ಣದಂಶಕ್ಕೆ ಸಮುದ್ರನೊರೆಯ ತುಂಡೊಂದು ಪೆಟ್ಟಿಗೆಯಲ್ಲಿರಲಿ, ಬೇಕೆನಿಸಿದಾಗ ಕಚ್ಚುತ್ತದೆ. ಮೂಗು ಕಟ್ಟಿದಾಗ ವಾಸನೆ ಸಿಗುವುದಿಲ್ಲ, ಕಣ್ಣು ಅಂಟಿದ್ದರೆ ಕಾಣುವುದಿಲ್ಲ. ಊಟಕ್ಕೆ ಮೊದಲು ಹತ್ತಿಯನ್ನು ಬೆಚ್ಚಗಿನ ಸಲೈನಿನಲ್ಲಿ ಅದ್ದಿ ಮೂಗು ಕಣ್ಣು ಒರೆಸಿ, ಕೆಂಪು ದಾಸವಾಳದ ಎಸಳನ್ನು ಮುಂದೆ ಹಿಡಿಯಿರಿ. ಬಹಳ ದಿನ ತಿನ್ನದಿದ್ದರೆ ಡಾಕ್ಟರು ನಳಿಕೆಯಿಂದ ಗಂಜಿ ಹಾಕುತ್ತಾರೆ, ಅಗತ್ಯವಿದ್ದರೆ ಕತ್ತಿನ ಬದಿಯಲ್ಲಿ ನಳಿಕೆಯನ್ನು ಕೂರಿಸಿಯೇ ಬಿಡುತ್ತಾರೆ. ನೋಡಲು ಕಷ್ಟವೆನಿಸಿದರೂ ದಿನಾ ಬಾಯಿ ಬಲವಂತವಾಗಿ ತೆರೆಯುವ ಹಿಂಸೆಗಿಂತ ಅದೇ ಮೇಲು.

ಆರೈಕೆಯೊಂದರಿಂದಲೇ ಏನಾದೀತು ಎಂದು ಕೇಳುವವರಿಗೆ ಜೊನಾಥನ್ ಕತೆ ಹೇಳಬೇಕು. ಅಟ್ಲಾಂಟಿಕ್ ಸಾಗರದ ಸೇಂಟ್ ಹೆಲೆನಾ ದ್ವೀಪದ ಗವರ್ನರ ಬಂಗಲೆಯ ದೈತ್ಯ ಆಮೆ ಅದು, 1832ರ ಸುಮಾರಿಗೆ ಹುಟ್ಟಿತೆಂದು ಅಂದಾಜು. ಮುಪ್ಪಿನಲ್ಲಿ ಕಣ್ಣಿಗೆ ಪೊರೆ ಬಂದು ಕುರುಡಾಯಿತು, ವಾಸನೆ ಹೋಯಿತು, ಹುಲ್ಲು ಸಿಗದೆ ಸೊರಗಿತು, ಬಾಯಿಯ ಅಂಚು ಮೊಂಡಾಗಿ ಉದುರತೊಡಗಿತು. ಅಲ್ಲಿನ ಪಶುವೈದ್ಯ ಜೋ ಹಾಲಿನ್ಸ್ ವಾರಕ್ಕೊಮ್ಮೆ ಕೈಯಾರೆ ಹಣ್ಣು ತರಕಾರಿ ತಿನ್ನಿಸುವ ಏರ್ಪಾಡು ಮಾಡಿದರು. ಬಾಯಿಯ ಅಂಚು ಮತ್ತೆ ಚೂಪಾಗಿ ಬೆಳೆಯಿತು, ಮೈ ತುಂಬಿಕೊಂಡಿತು. ಸಲ್ಕಾಟಾಕ್ಕೆ ನೀವು ಜೊನಾಥನ್‌ನಂತೆ ಹಣ್ಣು ತಿನ್ನಿಸಬೇಡಿ, ಅದರ ಹೊಟ್ಟೆ ನಾರಿನದು. ಆ ತಾಳ್ಮೆಯನ್ನಷ್ಟೇ ತೆಗೆದುಕೊಳ್ಳಿ.

ದಿನಚರಿ ಪುಸ್ತಕವೊಂದನ್ನು ಇಡಿ. ಯಾವ ದಿನ, ಯಾವ ಕಾಲಿಗೆ ಚುಚ್ಚುಮದ್ದು, ಎಷ್ಟು ಹೊತ್ತು ನೆನೆಸಿದಿರಿ, ಏನು ತಿಂದಿತು, ಹಿಕ್ಕೆ ಹೇಗಿತ್ತು, ತೂಕ ಎಷ್ಟು. ತೂಕವನ್ನು ಬೆಳಿಗ್ಗೆ ನೀರಿಗಿಡುವ ಮೊದಲೇ ನೋಡಿ. ನೀರು ಕುಡಿದ ಆಮೆಯ ಮೂತ್ರಕೋಶವೇ ತೂಕ ಏರಿಸಿ ನಿಮಗೆ ಸುಳ್ಳು ಸಮಾಧಾನ ಕೊಡುತ್ತದೆ. ಡಾಕ್ಟರು "ಹೇಗಿದೆ?" ಎಂದಾಗ "ಪರವಾಗಿಲ್ಲ" ಎನ್ನುವುದು ಉತ್ತರವಲ್ಲ, ಪುಸ್ತಕ ತೆಗೆದು ತೋರಿಸಿ. ಮನೆಯಲ್ಲಿ ಇನ್ನೊಂದು ಆಮೆಯಿದ್ದರೆ ಬೇರೆ ಕೋಣೆಗೆ ಹಾಕಿ, ತಟ್ಟೆ ಬೋಗುಣಿ ಬೇರೆ ಮಾಡಿ, ಚೆನ್ನಾಗಿರುವುದನ್ನು ಮೊದಲು ನೋಡಿಕೊಂಡು ಆಮೇಲೆ ಹುಷಾರಿಲ್ಲದ್ದನ್ನು ಮುಟ್ಟಿ. ಮೈಕೋಪ್ಲಾಸ್ಮಾ ತಗುಲಿದ ಆಮೆ ಮೇಲ್ನೋಟಕ್ಕೆ ವಾಸಿಯಾದರೂ ರೋಗವನ್ನು ಒಳಗಿಟ್ಟುಕೊಂಡಿರಬಹುದು. ಅದಕ್ಕೆ ಹೊಸ ಜೋಡಿ ತರುವ ಯೋಚನೆ ಬಿಡಿ. ಚಿಪ್ಪಿಗೆ ಎಣ್ಣೆ, ಅರಿಶಿನ, ಬಣ್ಣ ಯಾವುದೂ ಬೇಡ. ಚಿಪ್ಪು ಜೀವವಿರುವ ಮೂಳೆ, ಅದಕ್ಕೂ ನೋವಾಗುತ್ತದೆ.

ನಿಮ್ಮ ಮನೆಯವರ ಆರೋಗ್ಯವೂ ಮುಖ್ಯ. ಚೆನ್ನಾಗಿ ಕಾಣುವ ಆಮೆಯ ಮೈಮೇಲೂ ಸಾಲ್ಮೊನೆಲ್ಲಾ ಎಂಬ ಸೂಕ್ಷ್ಮಾಣು ಇರಬಹುದು. ಮಕ್ಕಳು ಪುಟ್ಟ ಆಮೆಗಳನ್ನು ಬಾಯಿಗಿಟ್ಟು ಕಾಯಿಲೆ ಬೀಳುತ್ತಿದ್ದುದರಿಂದಲೇ ಅಮೆರಿಕದಲ್ಲಿ 1975ರಿಂದ ನಾಲ್ಕು ಇಂಚಿಗಿಂತ ಚಿಕ್ಕ ಚಿಪ್ಪಿನ ಆಮೆಗಳ ಮಾರಾಟವನ್ನು ನಿಷೇಧಿಸಿದ್ದಾರೆ. ಆಮೆಯ ಬೇಸಿನ್ನನ್ನು ಅಡುಗೆಮನೆ ಸಿಂಕಿನಲ್ಲಿ ತೊಳೆಯಬೇಡಿ, ಆ ತಕ್ಕಡಿಯಲ್ಲಿ ಹಿಟ್ಟು ತೂಗಬೇಡಿ, ಮುಟ್ಟಿದ ಮೇಲೆ ಸೋಪು ಹಾಕಿ ಕೈತೊಳೆಯಿರಿ. ಐದು ವರ್ಷದೊಳಗಿನ ಮಕ್ಕಳು, ಬಸುರಿಯರು, ವಯಸ್ಸಾದವರು ಈ ಆರೈಕೆಗೆ ಕೈಹಾಕದಿರಲಿ.

ವಾಸಿಯಾಗದೆ ಬೇಸತ್ತು ಸ್ಲೈಡರನ್ನು ಕೆರೆಗೆ ಬಿಟ್ಟು "ಸ್ವತಂತ್ರ ಮಾಡಿದೆವು" ಎನ್ನುವವರಿದ್ದಾರೆ. ಅದು ಸ್ವಾತಂತ್ರ್ಯವಲ್ಲ. ಜಗತ್ತಿನ ಅತಿ ಕೆಟ್ಟ ನೂರು ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಆ ಆಮೆಯಿದೆ. ನಮ್ಮ ಕೆರೆಯ ಆಮೆಗಳಿಗೆ ಅದರ ಕಾಟವೂ ಬೇಡ, ಅದರ ಕಾಯಿಲೆಯೂ ಬೇಡ. ಸಾಕಲಾಗದಿದ್ದರೆ ಪ್ರಾಣಿರಕ್ಷಣಾ ಕೇಂದ್ರವನ್ನು ಕೇಳಿ. ಸಲ್ಕಾಟಾ ತರಬೇಕೆಂದು ಈಗಷ್ಟೇ ಯೋಚಿಸುತ್ತಿರುವವರೂ ಕೇಳಿಸಿಕೊಳ್ಳಿ: ಇವತ್ತು ಅಂಗೈಯಲ್ಲಿ ಕೂರುವ ಆ ಮರಿ ಮುಂದೆ ನಲವತ್ತು ಐವತ್ತು ಕಿಲೋ ತೂಗುತ್ತದೆ, ನಿಮ್ಮ ಮಕ್ಕಳ ಕಾಲಕ್ಕೂ ಉಳಿಯುತ್ತದೆ.

ಕೊನೆಯ ಚುಚ್ಚುಮದ್ದಾದ ಮೇಲೆ ಮೂಗು ಒಣಗಿ, ಸದ್ದಿಲ್ಲದೆ ಉಸಿರಾಡುತ್ತ, ತೂಕ ಏರುತ್ತಿದ್ದರೆ ಒಳ್ಳೆಯದು. ಆದರೂ ಡಾಕ್ಟರು ಹೇಳಿದ ದಿನಕ್ಕೆ ಮರುಪರೀಕ್ಷೆ ಮಾಡಿಸಿ, ಆಮೇಲೂ ಕೆಲವು ವಾರ ಬೆಚ್ಚಗೇ ಇಡಿ, ಹೊರಗೆ ಬಿಡುವುದನ್ನು ಬಿಸಿಲಿನ ಹೊತ್ತಿಗಷ್ಟೇ ಶುರುಮಾಡಿ. ಕಾಯಿಲೆ ಬಂದದ್ದು ತಣ್ಣನೆ ನೆಲದಿಂದ ಎಂದಾದರೆ ನೆಲ ಬದಲಾಗದೆ ಆಮೆ ಬದಲಾಗುವುದಿಲ್ಲ. ಮುಂದಿನ ಮಳೆಗಾಲ ಬರುವುದರೊಳಗೆ ಆ ಪೆಟ್ಟಿಗೆ ಮಾಡಿಸಿ ಬಲ್ಬು ಹಾಕಿಸಿಬಿಡಿ.